ಫೆರೆಟ್ ಬಿಲದೊಳಗೆ, ನಾಯಿ ಹೊರಗೆ: ಈ ಮೊಲದ ಬೇಟೆಯಲ್ಲಿ ಅಂಥ ಖುಷಿ ಏನಿದೆ?

ಪ್ರಶ್ನೆ: ಮಗನ ಮನೆ ಇಂಗ್ಲೆಂಡಿನ ನಾರ್ಫೋಕ್‌ನ ಒಂದು ಹಳ್ಳಿಯಲ್ಲಿದೆ. ಕಳೆದ ಚಳಿಗಾಲ ನಾನು ಅಲ್ಲೇ ಇದ್ದೆ. ಪಕ್ಕದ ಮನೆಯವರಿಗೆ ಅರವತ್ತು ದಾಟಿದೆ. ಭಾನುವಾರ ಬೆಳಗ್ಗೆ ಒಂದು ನಾಯಿ, ಮರದ ಪೆಟ್ಟಿಗೆಯಲ್ಲಿ ಎರಡು ಫೆರೆಟ್ (ಮುಂಗುಸಿಯಂತೆ ಕಾಣುವ ಸಾಕುಪ್ರಾಣಿ), ಒಂದು ಚೀಲ ಬಲೆ ತೆಗೆದುಕೊಂಡು ಮೊಲ ಹಿಡಿಯೋಕೆ ಹೊರಡುತ್ತಿದ್ದರು. ಮಧ್ಯಾಹ್ನ ಮೈಯೆಲ್ಲ ಕೆಸರು, ಕೈಯಲ್ಲಿ ನಾಲ್ಕೈದು ಮೊಲ, ಮುಖದಲ್ಲಿ ನಗು. ಒಳ್ಳೆಯ ಮನುಷ್ಯ, ಹಿತ್ತಲಿಗೆ ಬರುವ ಹಕ್ಕಿಗಳಿಗೆ ದಿನಾ ಕಾಳು ಹಾಕುತ್ತಾರೆ. ಇಂಥವರಿಗೆ ಕೊಲ್ಲುವುದರಲ್ಲಿ ಏನು ಖುಷಿ? ಅಂಗಡಿಯಲ್ಲಿ ಮಾಂಸ ಸಿಗಲ್ವಾ? ನಾಯಿ ಆ ಫೆರೆಟ್‌ನ್ನೇ ಕಚ್ಚಿ ಹಾಕಲ್ವಾ? ಮುಂದಿನ ಚಳಿಗಾಲ ಜೊತೆಗೆ ಬನ್ನಿ ಅಂತ ನನ್ನನ್ನೂ ಕರೆದಿದ್ದಾರೆ. ಹೋಗಬೇಕೋ ಬೇಡವೋ ತಿಳಿಯುತ್ತಿಲ್ಲ.
— ನಿವೃತ್ತ ಮೇಷ್ಟ್ರು, ಹಾಸನ

ಉತ್ತರ: ಮೇಷ್ಟ್ರೇ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ, ವಿವರ ಆಮೇಲೆ. ನಿಮ್ಮ ಪಕ್ಕದ ಮನೆಯವರ ಖುಷಿ ಜಾಸ್ತಿ ಪಾಲು ಇರುವುದು ಮೊಲ ಕೈಗೆ ಸಿಗುವ ಮುಂಚಿನ ಅರ್ಧ ಗಂಟೆಯಲ್ಲಿ. ನೆಲದ ಕೆಳಗೆ ಏನೋ ನಡೆಯುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದನ್ನು ಎರಡು ಪ್ರಾಣಿಗಳ ನಡವಳಿಕೆ ನೋಡಿಯೇ ಊಹಿಸಬೇಕು. ಫೆರೆಟ್‌ನ ಮೂಗು, ನಾಯಿಯ ಕಿವಿ, ಮನುಷ್ಯನ ಕೈ, ಮೂರೂ ಒಂದೇ ಗಳಿಗೆಯಲ್ಲಿ ಕೂಡಿ ಬರಬೇಕು. ಹಾಗೆ ಕೂಡಿ ಬಂದಾಗ ಆಗುವ ಸಂತೋಷ ಇದೆಯಲ್ಲ, ಅದಕ್ಕಾಗಿಯೇ ಜನ ಮಂಜು ಬೀಳುವ ಬೆಳಗ್ಗೆ ಹಾಸಿಗೆ ಬಿಟ್ಟು ಏಳುತ್ತಾರೆ.

ಕೊನೆಯಲ್ಲಿ ಸಾವು ಇದೆ. ಅದನ್ನು ಮುಚ್ಚಿಟ್ಟು ಬರೀ ಸೊಗಸನ್ನು ಹೇಳುವುದು ನನಗೆ ಇಷ್ಟವಿಲ್ಲ. ಆ ವಿಷಯಕ್ಕೂ ಬರುತ್ತೇನೆ.

ನಾನು ಪಶುವೈದ್ಯ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಫೆರೆಟ್‌ಗಳಿಗೂ ಬೇಟೆ ನಾಯಿಗಳಿಗೂ ಮದ್ದು ಕೊಟ್ಟಿದ್ದೇನೆ, ಅವುಗಳ ಯಜಮಾನರ ಜೊತೆ ಬೇಲಿ ಬುಡದಲ್ಲಿ ಗಂಟೆಗಟ್ಟಲೆ ನಿಂತಿದ್ದೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಮೊಲದ ವಿಷಯ. ನೀವು ಹಾಸನದ ಹೊಲಗಳಲ್ಲಿ ನೋಡಿರುವ ಮೊಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ಬೇಟೆ ಅರ್ಥವೇ ಆಗುವುದಿಲ್ಲ. ನಮ್ಮ ಹೊಲದ ಮೊಲ ಬಿಲ ತೋಡುವುದಿಲ್ಲ. ಪೊದೆಯ ಬುಡದಲ್ಲಿ ಮೈ ಅಡಗಿಸಿ ಮಲಗುತ್ತದೆ, ಮರಿಗಳು ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತವೆ, ಮೈತುಂಬ ಕೂದಲಿರುತ್ತದೆ. ಅಪಾಯ ಬಂದರೆ ಅದಕ್ಕಿರುವ ದಾರಿ ಒಂದೇ, ಓಡುವುದು. ನಾರ್ಫೋಕ್‌ನಲ್ಲಿ ನಿಮ್ಮ ಪಕ್ಕದ ಮನೆಯವರು ಹಿಡಿಯುವುದು ಬೇರೆ ಪ್ರಾಣಿ, ಬಿಲದ ಮೊಲ. ಅದು ಗುಂಪಾಗಿ ಬದುಕುತ್ತದೆ. ನೆಲದೊಳಗೆ ಕವಲು ಕವಲಾಗಿ ಸುರಂಗ ತೋಡುತ್ತದೆ. ಮರಿಗಳು ಕುರುಡಾಗಿ, ಬೋಳು ಮೈಯಲ್ಲಿ, ಬಿಲದೊಳಗೇ ಹುಟ್ಟುತ್ತವೆ. ಅಪಾಯ ಬಂದರೆ ಇದು ಓಡುವುದು ಬಿಲಕ್ಕೆ. ಬಿಲ ಸೇರಿದ ಮೊಲವನ್ನು ನಾಯಿ ಏನೂ ಮಾಡಲಾರದು, ಮನುಷ್ಯನೂ ಮಾಡಲಾರ. ಅದಕ್ಕೇ ಫೆರೆಟ್ ಬೇಕು.

ಫೆರೆಟ್ ನೋಡಿದರೆ ನಮಗೆ ಮುಂಗುಸಿಯ ನೆನಪಾಗುತ್ತದೆ. ಆದರೆ ವಂಶ ಬೇರೆ, ಕಾವೇರಿಯಲ್ಲಿ ಕಾಣುವ ನೀರುನಾಯಿಯ ಬಳಗಕ್ಕೆ ಸೇರಿದ್ದು. ಯುರೋಪಿನ ಪೋಲ್‌ಕ್ಯಾಟ್ ಅನ್ನುವ ಕಾಡುಪ್ರಾಣಿಯನ್ನು ಮನುಷ್ಯ ಎರಡು ಸಾವಿರ ವರ್ಷಕ್ಕೂ ಹಿಂದೆ ಪಳಗಿಸಿ ಮಾಡಿಕೊಂಡ ಪ್ರಾಣಿ ಇದು. ಗಂಡಿಗೆ ಹಾಬ್ ಅಂತಲೂ ಹೆಣ್ಣಿಗೆ ಜಿಲ್ ಅಂತಲೂ ಕರೆಯುತ್ತಾರೆ. ಜಿಲ್ ಸಾಮಾನ್ಯವಾಗಿ ಒಂದು ಕಿಲೋ ಒಳಗೇ ಇರುತ್ತದೆ, ಹಾಬ್ ಅದರ ಎರಡರಷ್ಟು ತೂಗಬಹುದು. ಬಿಲಕ್ಕೆ ಬಿಡೋಕೆ ಜಿಲ್ ವಾಸಿ ಅನ್ನುವವರೇ ಜಾಸ್ತಿ. ಸಣ್ಣ ಮೈ, ಬಲೆಯ ಕಣ್ಣಿನಲ್ಲಿ ನುಸುಳಿ ಒಳಗೆ ಹೋಗುತ್ತದೆ, ಬಲೆ ಅಲುಗುವುದಿಲ್ಲ.

ಎರಡು ಸಾವಿರ ವರ್ಷ ಅಂದೆನಲ್ಲ, ಅದು ಸುಮ್ನೆ ಬಾಯಿಗೆ ಬಂದ ಲೆಕ್ಕ ಅಲ್ಲ. ಬಿಲದ ಮೊಲದ ತವರು ಸ್ಪೇನ್, ಪೋರ್ಚುಗಲ್ ಕಡೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ಭೂಗೋಳಕಾರ ಸ್ಟ್ರಾಬೋ, ಸ್ಪೇನಿನ ಜನ ಈ ಜಾತಿಯ ಪ್ರಾಣಿಯ ಬಾಯಿ ಕಟ್ಟಿ ಮೊಲದ ಬಿಲಕ್ಕೆ ಬಿಡುತ್ತಿದ್ದ ಬಗೆಯನ್ನು ವರ್ಣಿಸಿದ್ದಾನೆ. ಒಳಗೆ ಹೋದದ್ದು ಮೊಲವನ್ನು ಎಳೆದು ತರುತ್ತಿತ್ತು, ಇಲ್ಲವೇ ಹೊರಗೆ ಓಡಿಸುತ್ತಿತ್ತು, ಬಿಲದ ಬಾಯಲ್ಲಿ ಕಾದವರು ಹಿಡಿಯುತ್ತಿದ್ದರು. ಬ್ಯಾಲಿಯಾರಿಕ್ ದ್ವೀಪಗಳಲ್ಲಿ ಮೊಲದ ಕಾಟ ತಡೆಯಲಾರದೆ ಜನ ಅಗಸ್ಟಸ್ ಚಕ್ರವರ್ತಿಯ ಹತ್ತಿರ ಸೈನ್ಯವನ್ನೇ ಕೇಳಿದರು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಅಂದಿನಿಂದ ಇಂದಿನವರೆಗೆ ಈ ಕೆಲಸದ ಮೂಲ ರೀತಿ ಬದಲಾಗಿಲ್ಲ. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಇಂದಿಗೂ ಪೊಡೆಂಕೋ ಅನ್ನುವ, ನೆಟ್ಟಗೆ ನಿಂತ ದೊಡ್ಡ ಕಿವಿಯ ನಾಯಿಯನ್ನೂ ಫೆರೆಟ್‌ನ್ನೂ ಜೊತೆಗೇ ಕರೆದುಕೊಂಡು ಹೋಗುತ್ತಾರೆ.

ಈಗ ನಿಮ್ಮ ಪಕ್ಕದ ಮನೆಯವರ ಬೆಳಗ್ಗೆ ಹೇಗಿರುತ್ತದೆ ನೋಡೋಣ. ಇದನ್ನು ವಿವರವಾಗಿ ಹೇಳಲೇಬೇಕು. ಖುಷಿ ಎಲ್ಲಿದೆ ಅಂತ ಗೊತ್ತಾಗುವುದು ಇಲ್ಲೇ.

ಕಾಲ ಚಳಿಗಾಲವೇ ಆಗಬೇಕು. ಅಕ್ಟೋಬರ್ ಕಳೆದು ಒಂದೆರಡು ಸಲ ಹಿಮ ಬಿದ್ದ ಮೇಲೆ ತುರಿಕೆ ಗಿಡ, ಪೊದೆ ಎಲ್ಲ ಬಾಡಿ ಬಿಲಗಳ ಬಾಯಿ ಕಾಣುತ್ತದೆ. ಫೆಬ್ರವರಿ ಮುಗಿಯುತ್ತಿದ್ದಂತೆ ಬಿಲದೊಳಗೆ ಮರಿಗಳು ಜಾಸ್ತಿಯಾಗುತ್ತವೆ. ತಿಳಿದವರು ಅಲ್ಲಿಗೆ ನಿಲ್ಲಿಸುತ್ತಾರೆ. ಹಾಲು ಕುಡಿಯುವ ಮರಿಗಳಿರುವಾಗ ತಾಯಿಯನ್ನು ಹಿಡಿಯುವುದು ಅನ್ಯಾಯ. ಅದೂ ಅಲ್ಲದೆ ಒಳಗೆ ಮರಿ ಸಿಕ್ಕರೆ ಫೆರೆಟ್ ಅದನ್ನು ತಿಂದು ಅಲ್ಲೇ ಮಲಗಿಬಿಡುತ್ತದೆ, ಆಚೆ ಬರುವುದಿಲ್ಲ.

ಬೇಲಿ ಹತ್ತಿರ ಬರುತ್ತಿದ್ದಂತೆ ಮಾತು ನಿಲ್ಲುತ್ತದೆ. ಹೆಜ್ಜೆ ಹಗುರಾಗುತ್ತದೆ. ಬಿಲದೊಳಗಿನ ಮೊಲಕ್ಕೆ ಮೇಲೆ ನಡೆಯುವವರ ಸದ್ದು ಚೆನ್ನಾಗಿಯೇ ಕೇಳುತ್ತದೆ. ಮೇಲೆ ಗಲಾಟೆ ಇದೆ ಅಂತ ಗೊತ್ತಾದರೆ ಅದು ಫೆರೆಟ್ ಬಂದರೂ ಹೊರಗೆ ಬರಲು ಒಪ್ಪುವುದಿಲ್ಲ. ಮೊದಲು ಹೋಗುವುದು ನಾಯಿ. ಒಂದೊಂದೇ ಬಿಲದ ಬಾಯಿಗೆ ಮೂಗಿಟ್ಟು ಮುಂದೆ ಹೋಗುತ್ತದೆ. ಒಂದು ಕಡೆ ನಿಲ್ಲುತ್ತದೆ. ತಲೆ ಓರೆ ಮಾಡುತ್ತದೆ, ಬಾಲ ಬಿಗಿಯಾಗುತ್ತದೆ, ಮುಂಗಾಲು ಒಂದನ್ನು ಎತ್ತಿ ಹಿಡಿಯುತ್ತದೆ. ಒಳಗೆ ಮೊಲ ಇದೆ ಅಂತ ಅರ್ಥ. ಮೊಲ ಇಲ್ಲದ ಬಿಲವನ್ನು ತಿರುಗಿಯೂ ನೋಡುವುದಿಲ್ಲ. ಇಂಥ ನಾಯಿ ಇದ್ದವರಿಗೆ ಖಾಲಿ ಬಿಲಕ್ಕೆ ಬಲೆ ಹಾಕಿ ಅರ್ಧ ದಿನ ಕಾಯುವ ಕಷ್ಟ ಇಲ್ಲ.

ಆಮೇಲೆ ಬಲೆ. ನಮ್ಮ ಅಜ್ಜಂದಿರ ಎಲೆ ಅಡಿಕೆ ಸಂಚಿ ನೆನಪಿದೆಯಾ? ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಈ ಬಲೆಯೂ ಅದೇ ಉಪಾಯ. ಸುತ್ತ ಒಂದು ದಾರ ಓಡುತ್ತದೆ, ದಾರದ ತುದಿಗೆ ಒಂದು ಗೂಟ. ಬಿಲದ ಬಾಯಿಗೆ ಬಲೆ ಹರಡಿ ಗೂಟವನ್ನು ನೆಲಕ್ಕೆ ಒತ್ತುತ್ತಾರೆ. ಮೊಲ ಒಳಗಿಂದ ಬಂದು ಬಡಿದ ರಭಸಕ್ಕೇ ದಾರ ಎಳೆದುಕೊಂಡು ಬಲೆ ಮುಚ್ಚುತ್ತದೆ. ಮೊದಲು ಸೆಣಬಿನ ದಾರದಲ್ಲಿ ಹೆಣೆಯುತ್ತಿದ್ದರು, ಈಗ ನೈಲಾನ್ ಜಾಸ್ತಿ. ಆದರೂ ಚಳಿಗಾಲದ ಸಂಜೆ ಕೂತು ತಮ್ಮ ಬಲೆ ತಾವೇ ಹೆಣೆದುಕೊಳ್ಳುವವರು ಇನ್ನೂ ಇದ್ದಾರೆ. ಒಂದು ಬೇಲಿಯಲ್ಲಿ ಇಪ್ಪತ್ತು ಮೂವತ್ತು ಬಾಯಿ ಇರಬಹುದು. ಎಲ್ಲಕ್ಕೂ ಬಲೆ ಬೀಳಬೇಕು. ಮೊಲಗಳು ಎಲೆ ಕಸದಡಿ ಗುಟ್ಟಾಗಿ ಒಂದೆರಡು ತಪ್ಪಿಸಿಕೊಳ್ಳುವ ದಾರಿ ಮಾಡಿಟ್ಟಿರುತ್ತವೆ. ಎಷ್ಟು ಹುಡುಕಿದರೂ ಒಂದು ಉಳಿದೇ ಉಳಿಯುತ್ತದೆ.

ಫೆರೆಟ್‌ನ ಕೊರಳಿಗೆ ಈಗ ಸಣ್ಣ ಟ್ರಾನ್ಸ್‌ಮಿಟರ್ ಇರುವ ಪಟ್ಟಿ ಕಟ್ಟುತ್ತಾರೆ. ಅದನ್ನು ಬಿಲದ ಬಾಯಲ್ಲಿ ಬಿಡುತ್ತಾರೆ. ಅದು ಒಂದು ಸಲ ಮೈ ಕೊಡವಿ, ಮೂಗೆತ್ತಿ ಗಾಳಿ ನೋಡಿ, ಒಳಗೆ ಜಾರುತ್ತದೆ. ಬಾಲದ ತುದಿ ಮರೆಯಾದ ಮೇಲೆ ಮಾಡೋಕೆ ಏನೂ ಉಳಿದಿಲ್ಲ. ನಿಂತಿರಬೇಕು, ಅಷ್ಟೇ.

ಹಾಗೆ ನಿಂತವರಿಗೆ ಮೊದಲು ಗೊತ್ತಾಗುವುದು ಬೂಟಿನ ಅಟ್ಟೆಯಲ್ಲಿ. ಒಳಗಿನ ಮೊಲ ಹಿಂಗಾಲಿನಿಂದ ನೆಲ ಬಡಿದು ಉಳಿದವಕ್ಕೆ ಎಚ್ಚರಿಕೆ ಕೊಡುತ್ತದೆ. ಆ ಗುದ್ದು ಕಾಲಿಗೆ ಮುಟ್ಟುತ್ತದೆ. ಆಮೇಲೆ ಸುರಂಗದಲ್ಲಿ ಓಡಾಟದ ಸದ್ದು, ಗುಡುಗುಡು ಅಂತ. ನಾಯಿ ಕತ್ತನ್ನು ನಿಧಾನವಾಗಿ ಎಡಕ್ಕೆ ತಿರುಗಿಸುತ್ತದೆ. ಮನುಷ್ಯನ ಕಿವಿಗೆ ಇನ್ನೂ ಏನೂ ಬಿದ್ದಿರುವುದಿಲ್ಲ, ಆದರೆ ನಾಯಿ ಕಿವಿ ಚೂಪು ಮಾಡಿ ಎಡಕ್ಕೆ ನೋಡಿತು ಅಂದರೆ ಮೊಲ ಎಡಕ್ಕೆ ಹೋಗುತ್ತಿದೆ ಅಂತ ಯಜಮಾನನಿಗೆ ತಿಳಿಯುತ್ತದೆ. ಅವನು ಉಸಿರು ಬಿಗಿಹಿಡಿದು ಆ ಕಡೆಗೆ ಮೈ ವಾಲಿಸುತ್ತಾನೆ. ಒಮ್ಮೆಲೇ ಬಲೆ ನೆಗೆಯುತ್ತದೆ.

ಇಲ್ಲಿಂದ ಕೈ ಚಳಕ. ಮಂಡಿಯೂರಿ ಮೊಲವನ್ನು ಹಿಡಿಯಬೇಕು. ಅದರ ಬೆನ್ನಿಗೇ ಇನ್ನೊಂದು ಬರಬಹುದು, ಅದಕ್ಕೆ ಬಿಲದ ಬಾಯಿಯನ್ನು ಕಾಲಿನಿಂದ ಮುಚ್ಚಬೇಕು. ಕತ್ತು ಮುರಿದು ಮೊಲವನ್ನು ಕೂಡಲೇ ಮುಗಿಸಬೇಕು. ಕೈ ಪಳಗಿದವರಿಗೆ ಇದು ಒಂದೆರಡು ಸೆಕೆಂಡಿನ ಕೆಲಸ. ಆ ಬಾಯಿಗೆ ಬೇರೆ ಬಲೆ ಹಾಕಬೇಕು. ಇದೆಲ್ಲ ನಡೆಯುವಾಗ ನಾಯಿ ಕದಲಬಾರದು. ಮೈಯೆಲ್ಲ ನಡುಗುತ್ತಿರುತ್ತದೆ, ಆದರೂ ಬಲೆಗೆ ಬಿದ್ದ ಮೊಲವನ್ನು ಮುಟ್ಟಕೂಡದು. ಅದರ ಪಾಲಿನದು ಆ ಗುಟ್ಟಿನ ದಾರಿಯಿಂದ ಹಾರಿ ಬರುವ ಮೊಲ. ಅದು ಬಂದಾಗ ನಾಯಿಗೆ ಯಾರೂ ಹೇಳಬೇಕಾಗಿಲ್ಲ.

ಎಲ್ಲ ಸಲವೂ ಹೀಗೆ ಸಲೀಸಾಗಿ ಆಗುವುದಿಲ್ಲ. ಒಮ್ಮೊಮ್ಮೆ ಫೆರೆಟ್ ಒಬ್ಬಂಟಿಯಾಗಿ ಹೊರಗೆ ಬರುತ್ತದೆ. ಆಗ ಅನುಭವಸ್ಥರು ಮೊದಲು ನೋಡುವುದು ಅದರ ಮುಂಗಾಲಿನ ಉಗುರು. ಉಗುರಿನಲ್ಲಿ ಮೊಲದ ಕೂದಲು ಸಿಕ್ಕಿಕೊಂಡಿದ್ದರೆ, ಮೊಲ ಯಾವುದೋ ಮೂಲೆಯ ಸುರಂಗದಲ್ಲಿ ಮುಖ ಒಳಗೆ ಮಾಡಿ, ಬೆನ್ನು ಕೊಟ್ಟು ಕೂತಿದೆ, ಫೆರೆಟ್ ಎಷ್ಟು ಕೆರೆದರೂ ಕದಲುತ್ತಿಲ್ಲ ಅಂತ ಅರ್ಥ. ಇನ್ನು ಕೆಲವೊಮ್ಮೆ ಫೆರೆಟ್ ಒಳಗೇ ಮೊಲವನ್ನು ಕೊಂದು ಹೊಟ್ಟೆ ತುಂಬ ತಿಂದು ನಿದ್ದೆ ಹೋಗುತ್ತದೆ. ಆಗ ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಹಿಡಿದು ಎಷ್ಟು ಆಳದಲ್ಲಿದೆ ನೋಡಿ ಅಗೆಯಬೇಕು. ನಿಮ್ಮ ಪಕ್ಕದ ಮನೆಯವರ ಮೈಯ ಕೆಸರು ಅಲ್ಲಿಂದ ಬಂದದ್ದು. ಈ ಯಂತ್ರ ಬರುವ ಮುಂಚೆ ಒಂದು ದೊಡ್ಡ ಹಾಬ್‌ಗೆ ಹಗ್ಗ ಕಟ್ಟಿ ಒಳಗೆ ಬಿಟ್ಟು, ಹಗ್ಗ ಹೋದ ದಾರಿ ಹಿಡಿದು ಅಗೆಯುತ್ತಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಇಷ್ಟರಲ್ಲಿ ಖುಷಿ ಎಲ್ಲಿದೆ?

ಒಂದು ಮೂಲ ಅನಿಶ್ಚಯ. ಯಾವ ಬಾಯಿಂದ ಬರುತ್ತದೆ, ಯಾವಾಗ ಬರುತ್ತದೆ, ಬರುತ್ತದೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಖಚಿತವಾಗಿ ಸಿಗುವ ಬಹುಮಾನಕ್ಕಿಂತ ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನ ಪ್ರಾಣಿಗಳನ್ನೂ ಮನುಷ್ಯರನ್ನೂ ಜಾಸ್ತಿ ಹಿಡಿದಿಡುತ್ತದೆ ಅನ್ನುವುದು ಕಲಿಕೆಯ ಮೇಲಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಮಾತು. ಗಾಳ ಹಾಕಿ ಕೆರೆ ದಂಡೆಯಲ್ಲಿ ಇಡೀ ದಿನ ಕೂರುವವರನ್ನು ಕೇಳಿ, ಇದನ್ನೇ ಹೇಳುತ್ತಾರೆ. ಅಂಗಡಿಯ ಮಾಂಸ ಈ ಲೆಕ್ಕಕ್ಕೇ ಬರುವುದಿಲ್ಲ. ಮಾಂಸ ಬೇಕಿದ್ದರೆ ಅವರು ಅಂಗಡಿಗೇ ಹೋಗುತ್ತಿದ್ದರು.

ಆದರೆ ಅನಿಶ್ಚಯ ಲಾಟರಿಯಲ್ಲೂ ಇದೆ. ಇದರಲ್ಲಿ ಅದಕ್ಕಿಂತ ದೊಡ್ಡದು ಒಂದಿದೆ ಅಂತ ನನ್ನ ಅನಿಸಿಕೆ. ಇಲ್ಲಿ ಮನುಷ್ಯನೇ ಎಲ್ಲರಿಗಿಂತ ದಡ್ಡ. ಅವನ ಮೂಗಿಗೆ ಮೊಲದ ವಾಸನೆ ಹತ್ತುವುದಿಲ್ಲ, ಕಿವಿಗೆ ನೆಲದೊಳಗಿನ ಸದ್ದು ಅರ್ಧ ಮಾತ್ರ ಕೇಳುತ್ತದೆ, ಓಡಿ ಹಿಡಿಯುವ ಮಾತೇ ಇಲ್ಲ. ನಾಯಿಯನ್ನೂ ಫೆರೆಟ್‌ನ್ನೂ ನಂಬದೆ ಅವನಿಗೆ ಬೇರೆ ದಾರಿಯಿಲ್ಲ. ನಾಯಿ ಖಾಲಿ ಅಂದ ಬಿಲವನ್ನು ತಾನೇ ಬುದ್ಧಿವಂತ ಅಂತ ಬಲೆ ಹಾಕಿ ಕೂತವರನ್ನು ನೋಡಿದ್ದೇನೆ. ಯಾವಾಗಲೂ ನಾಯಿಯ ಮಾತೇ ನಿಜವಾಗುತ್ತದೆ. ದಿನವಿಡೀ ಮನೆಯಲ್ಲಿ ಪ್ರಾಣಿಯೇ ಮನುಷ್ಯನ ಮಾತು ಕೇಳಬೇಕು. ಬೇಲಿ ಬುಡದಲ್ಲಿ ಮನುಷ್ಯ ಪ್ರಾಣಿಯ ಮಾತು ಕೇಳಬೇಕು. ಇದರ ರುಚಿ ಹತ್ತಿದವರಿಗೆ ಬೇರೆ ಯಾವ ಹವ್ಯಾಸವೂ ಹಿಡಿಸುವುದಿಲ್ಲ. ಬೇಟೆ ಮುಗಿಸಿ ಬಂದವರ ಮಾತು ಕೇಳಿ ನೋಡಿ. ಎಷ್ಟು ಮೊಲ ಸಿಕ್ಕಿತು ಅನ್ನುವುದು ಒಂದು ಸಾಲಿನಲ್ಲಿ ಮುಗಿಯುತ್ತದೆ. ನಾಯಿ ಹೇಗೆ ನಿಂತಿತು, ಆ ಬಿಳಿ ಜಿಲ್ ಹೇಗೆ ಮೂರನೇ ಸಲ ಒಳಗೆ ಹೋಯಿತು ಅನ್ನುವುದು ಗಂಟೆಗಟ್ಟಲೆ ನಡೆಯುತ್ತದೆ.

ಪ್ರಾಣಿಗಳಿಗೂ ಖುಷಿಯಾ? ಹೌದು, ಅದರಲ್ಲಿ ನನಗೆ ಅನುಮಾನ ಇಲ್ಲ. ನಾಯಿಗೆ ಹುಡುಕುವುದು, ಹೊಂಚುವುದು, ಓಡುವುದು, ಹಿಡಿಯುವುದು, ಒಂದೊಂದೂ ತಾನಾಗಿಯೇ ಸುಖ ಕೊಡುತ್ತದೆ. ಅದಕ್ಕೇ ಹೊಟ್ಟೆ ತುಂಬಿದ ನಾಯಿಯೂ ಚೆಂಡಿನ ಹಿಂದೆ ಓಡುತ್ತದೆ. ತಳಿಯಿಂದ ತಳಿಗೆ ಈ ತುಣುಕುಗಳಲ್ಲಿ ಕೆಲವನ್ನು ಮನುಷ್ಯ ಬೆಳೆಸಿದ್ದಾನೆ, ಕೆಲವನ್ನು ತಗ್ಗಿಸಿದ್ದಾನೆ. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಹೆಸರಾದ ಲರ್ಚರ್ ಒಂದು ಶುದ್ಧ ತಳಿಯೇ ಅಲ್ಲ. ಗ್ರೇಹೌಂಡ್ ಅಥವಾ ವಿಪೆಟ್‌ನಂಥ ಓಟದ ನಾಯಿಗೆ ಕುರಿ ಕಾಯುವ ಕೋಲಿಯನ್ನೋ ಬೆಡ್ಲಿಂಗ್ಟನ್ ಟೆರಿಯರ್‌ನ್ನೋ ಕೂಡಿಸಿ ಪಡೆದದ್ದು. ಓಟ ಒಂದು ಕಡೆಯಿಂದ, ಬುದ್ಧಿ ಇನ್ನೊಂದು ಕಡೆಯಿಂದ. ಒಳ್ಳೆಯ ಲರ್ಚರ್ ಹಿಡಿದ ಮೊಲವನ್ನು ಹಲ್ಲೂರದೆ ಜೀವಂತವಾಗಿ ಯಜಮಾನನ ಕೈಗೆ ತಂದುಕೊಡುತ್ತದೆ.

ಫೆರೆಟ್‌ನ ಉತ್ಸಾಹ ನೋಡಬೇಕಿದ್ದರೆ ಪೆಟ್ಟಿಗೆ ಎತ್ತುವ ಹೊತ್ತಿಗೆ ಹೋಗಿ. ದಿನದ ಹೆಚ್ಚು ಪಾಲು ನಿದ್ದೆಯಲ್ಲೇ ಕಳೆಯುವ ಪ್ರಾಣಿ, ಪೆಟ್ಟಿಗೆ ಎತ್ತಿದ್ದು ತಿಳಿದ ಕೂಡಲೇ ಬಾಗಿಲು ಕೆರೆಯತೊಡಗುತ್ತದೆ. ಸಂತೋಷವಾದಾಗ ಗಂಟಲಲ್ಲಿ ಕುಟುಕುಟು ಸದ್ದು ಮಾಡುತ್ತಾ ಬೆನ್ನು ಬಿಲ್ಲಾಗಿಸಿ ಅಡ್ಡಡ್ಡ ಕುಣಿಯುತ್ತದೆ.

ನಾಯಿ ಫೆರೆಟ್‌ನ್ನು ಕಚ್ಚಲ್ವಾ ಅಂದಿರಿ. ಪಳಗಿಸದಿದ್ದರೆ ಖಂಡಿತ ಕಚ್ಚುತ್ತದೆ. ಅದಕ್ಕೇ ನಾಯಿಮರಿ ಇರುವಾಗಲೇ ಎರಡನ್ನೂ ಒಟ್ಟಿಗೆ ಬಿಟ್ಟು ರೂಢಿ ಮಾಡುತ್ತಾರೆ. ಫೆರೆಟ್ ಒಂದು ಸಲ ಮರಿಯ ಮೂಗಿಗೆ ಕಚ್ಚಿದರೆ ಸಾಕು, ಆಮೇಲೆ ಅದಕ್ಕೆ ಮರ್ಯಾದೆ ಕೊಡುವುದು ತಾನಾಗಿ ಬರುತ್ತದೆ. ಬಿಳಿ ಫೆರೆಟ್‌ಗೆ ಜನ ಆಸೆಪಡುವುದಕ್ಕೂ ಕಾರಣ ಇದೆ. ಕಂದು ಬಣ್ಣದ್ದು ಬಿಲದಿಂದ ತಲೆ ಹಾಕಿದಾಗ ಅವಸರದ ನಾಯಿ ಮೊಲ ಅಂದುಕೊಳ್ಳಬಹುದು. ಬಿಳಿಯದು ಮಬ್ಬು ಬೆಳಕಲ್ಲೂ ಕಾಣುತ್ತದೆ.

ಇನ್ನೊಂದು ಕಾರಣ ಇತಿಹಾಸದಲ್ಲಿದೆ. ಮೇಷ್ಟ್ರಾದ ನಿಮಗೆ ಇದು ಹಿಡಿಸುತ್ತದೆ ಅಂದುಕೊಂಡಿದ್ದೇನೆ. ಇಂಗ್ಲೆಂಡಿಗೆ ಬಿಲದ ಮೊಲ ಹೊರಗಿನಿಂದ ಬಂದದ್ದು. 12ನೇ ಶತಮಾನದಲ್ಲಿ ನಾರ್ಮನ್ನರು ತಂದು ಸಾಕಿದರು. ಆಗ ಅದು ಶ್ರೀಮಂತರ ಊಟ. ಮೊಲದ ಬಯಲು ಇಟ್ಟುಕೊಳ್ಳಲು ರಾಜನ ಅಪ್ಪಣೆ ಬೇಕಿತ್ತು, ಕಾವಲಿಗೆ ಆಳು ಇರುತ್ತಿದ್ದ. ನಿಮ್ಮ ಮಗನ ಊರಿಂದ ಥೆಟ್‌ಫರ್ಡ್‌ಗೆ ಹೋಗಿ ಬನ್ನಿ, ಅಲ್ಲಿ ಮೊಲಗಾವಲಿನವನಿಗೆ ಸುಮಾರು 1400ರ ಹೊತ್ತಿಗೆ ಕಟ್ಟಿಸಿದ ಕಲ್ಲಿನ ಮನೆ ಇನ್ನೂ ನಿಂತಿದೆ. ಗೋಡೆಯ ದಪ್ಪ ನೋಡಿದರೆ ಕೋಟೆ ಅನ್ನಬೇಕು. ಮೊಲಕ್ಕೆ ಇಷ್ಟು ಕಾವಲು ಯಾಕೆ? ಕದಿಯಲು ಬರುವ ಹಸಿದ ಜನರಿದ್ದರು. 1390ರಲ್ಲಿ ಎರಡನೇ ರಿಚರ್ಡ್‌ನ ಕಾಲದಲ್ಲಿ ಒಂದು ಕಾಯ್ದೆ ಬಂತು. ವರ್ಷಕ್ಕೆ 40 ಶಿಲಿಂಗ್ ಆದಾಯದ ಭೂಮಿ ಇಲ್ಲದ ಸಾಮಾನ್ಯರು ಬೇಟೆ ನಾಯಿ, ಫೆರೆಟ್, ಬಲೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ. ಆಮೇಲೂ ಬಿಗಿ ಜಾಸ್ತಿಯಾಯಿತು. 1828ರ ಕಾಯ್ದೆಯ ಪ್ರಕಾರ ರಾತ್ರಿ ಹೊತ್ತು ಮೊಲ ಕದ್ದು ಮೂರನೇ ಸಲ ಸಿಕ್ಕಿಬಿದ್ದವನನ್ನು ಏಳು ವರ್ಷ ಗಡಿಪಾರು ಮಾಡಿ ಹಡಗು ಹತ್ತಿಸಬಹುದಿತ್ತು. ಗೇಣಿ ರೈತನಿಗೆ ತಾನು ಉಳುವ ನೆಲದ ಮೊಲ ಹಿಡಿಯುವ ಹಕ್ಕು ಭದ್ರವಾಗಿ ಸಿಕ್ಕಿದ್ದು 1880ರಲ್ಲಿ. ಅಲ್ಲಿಯ ತನಕ ತನ್ನ ಬೆಳೆ ತಿನ್ನುವ ಮೊಲವನ್ನು ಕೈಕಟ್ಟಿ ನೋಡಬೇಕಿತ್ತು.

ಕುದುರೆ ಹತ್ತಿ ನರಿ ಬೇಟೆಗೆ ಹೋಗುವವರು ದೊಡ್ಡ ಮನೆತನದವರು. ಫೆರೆಟ್ ಮತ್ತು ನಾಯಿಯ ಬೇಟೆ ಕೂಲಿಯವರದು, ಗಣಿ ಕೆಲಸದವರದು. ಕೋಟಿನ ಒಳಜೇಬಿನಲ್ಲಿ ಫೆರೆಟ್, ಜೊತೆಗೆ ಸದ್ದಿಲ್ಲದೆ ನಡೆಯುವ ನಾಯಿ. ಬಂದೂಕಿನ ಸದ್ದಿಲ್ಲ, ಖರ್ಚಿಲ್ಲ, ಮನೆಗೆ ಮಾಂಸ. ಎರಡನೇ ಮಹಾಯುದ್ಧದಲ್ಲಿ ಮಾಂಸಕ್ಕೆ ರೇಷನ್ ಬಂದಾಗಲೂ ಕಾಡು ಮೊಲಕ್ಕೆ ರೇಷನ್ ಇರಲಿಲ್ಲ. ಹೀಗೆ ಅಜ್ಜನಿಂದ ಮೊಮ್ಮಗನಿಗೆ ಬಂದ ವಿದ್ಯೆ ಇದು. ಅರವತ್ತು ದಾಟಿದವರು ಬೇಲಿ ಬುಡದಲ್ಲಿ ನಿಂತಾಗ ಅವರ ಜೊತೆ ಅವರಪ್ಪನೂ ನಿಂತಿರುತ್ತಾನೆ. ಈ ಭಾಗ ಹೊರಗಿನವರಿಗೆ ಕಾಣುವುದಿಲ್ಲ. ಗಂಡಸರ ಆಟ ಅಂತಲೂ ಅಂದುಕೊಳ್ಳಬೇಡಿ. 14ನೇ ಶತಮಾನದ ಆರಂಭದ ಒಂದು ಇಂಗ್ಲಿಷ್ ಹಸ್ತಪ್ರತಿಯಲ್ಲಿ ಇಬ್ಬರು ಹೆಂಗಸರು ಬಲೆ ಹಾಸಿ ಬಿಲಕ್ಕೆ ಫೆರೆಟ್ ಬಿಡುತ್ತಿರುವ ಚಿತ್ರ ಇದೆ.

ಹಾಗಾದರೆ ರೈತರು ಹೇಳುವ ಬೆಳೆ ನಷ್ಟದ ಮಾತು ಬರೀ ನೆಪವಾ? ನೆಪ ಅಲ್ಲ. ಬಿಲದ ಮೊಲದ ಗರ್ಭ ಸುಮಾರು ಒಂದು ತಿಂಗಳದ್ದು, ಒಂದು ತಾಯಿ ವರ್ಷದಲ್ಲಿ ಹಲವು ಸಲ ಮರಿ ಹಾಕುತ್ತದೆ. ಗೋಧಿ ಹೊಲದ ಅಂಚು ಬೋಳಾಗುತ್ತದೆ, ರೈಲು ಹಳಿಯ ದಿಬ್ಬದಲ್ಲಿ, ಸ್ಮಶಾನದಲ್ಲಿ ಬಿಲಗಳಾಗುತ್ತವೆ. 1954ರ ಕಾಯ್ದೆಯಡಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ತನ್ನ ನೆಲದ ಮೊಲವನ್ನು ಹತೋಟಿಯಲ್ಲಿಡುವುದು ರೈತನ ಜವಾಬ್ದಾರಿ. ನಾಯಿ ಬಳಸಿ ಕಾಡುಪ್ರಾಣಿ ಬೇಟೆಯಾಡುವುದನ್ನು ನಿಲ್ಲಿಸಿದ 2004ರ ಕಾಯ್ದೆ, ನೆಲದವರ ಒಪ್ಪಿಗೆ ಇದ್ದರೆ ಇಲಿ ಮತ್ತು ಬಿಲದ ಮೊಲಕ್ಕೆ ವಿನಾಯಿತಿ ಕೊಟ್ಟಿದೆ. ನಿಮ್ಮ ಪಕ್ಕದವರು ಒಪ್ಪಿಗೆ ಪಡೆದಿದ್ದರೆ ಕಾನೂನಿನ ತಪ್ಪು ಮಾಡುತ್ತಿಲ್ಲ.

ಆದರೆ ಬೆಳೆ ಉಳಿಸುವುದೊಂದೇ ಉದ್ದೇಶ ಆಗಿದ್ದರೆ ಯಾರೂ ಭಾನುವಾರ ಚಳಿಯಲ್ಲಿ ನಿಂತು ನಾಲ್ಕು ಮೊಲಕ್ಕೆ ಅರ್ಧ ದಿನ ಕೊಡುತ್ತಿರಲಿಲ್ಲ. ಬೇಟೆಯವರು ಈ ಕಾರಣವನ್ನು ಗುರಾಣಿ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಖುಷಿಗೆ ಹೋಗುತ್ತೇವೆ ಅಂತ ನೇರವಾಗಿ ಹೇಳಲಿ. ಆಗ ಕೇಳಬೇಕಾದ ಪ್ರಶ್ನೆ ಕೇಳಬಹುದು: ಆ ಖುಷಿಗೆ ಮೊಲ ತೆರುವ ಬೆಲೆ ಎಷ್ಟು?

ಪಶುವೈದ್ಯನಾಗಿ ನಾನು ಇದನ್ನು ಹೀಗೆ ನೋಡುತ್ತೇನೆ. ಬಿಲದೊಳಗೆ ಫೆರೆಟ್ ಬಂದಾಗ ಮೊಲಕ್ಕೆ ಭಯ ಆಗುತ್ತದೆ, ನಿಜವಾದ ಭಯ. ಮೂಲೆಯಲ್ಲಿ ಸಿಕ್ಕಿಕೊಂಡು ಬೆನ್ನು ಕೆರೆಸಿಕೊಳ್ಳುವ ಮೊಲದ ಪಾಡು ಚೆನ್ನಾಗಿಲ್ಲ. ಬಲೆಗೆ ಬಿದ್ದದ್ದನ್ನು ಕೂಡಲೇ ಮುಗಿಸಿದರೆ ನೋವು ಕಡಿಮೆ, ಕೈ ಪಳಗದವರು ಒದ್ದಾಡಿಸಿದರೆ ಜಾಸ್ತಿ. ಇನ್ನೊಂದು ಕಡೆ ಬೇರೆ ದಾರಿಗಳನ್ನೂ ನೋಡಿ. ಕಾಲು ಕಚ್ಚುವ ಹಲ್ಲಿನ ಬೋನುಗಳನ್ನು 1958ರಲ್ಲಿ ನಿಲ್ಲಿಸುವವರೆಗೆ ಲಕ್ಷಾಂತರ ಮೊಲ ರಾತ್ರಿಯಿಡೀ ಅದರಲ್ಲಿ ನರಳಿದವು. ಬಿಲಕ್ಕೆ ವಿಷದ ಅನಿಲ ಬಿಡುವುದು ಇಂದಿಗೂ ಇದೆ, ಒಳಗೆ ಏನಾಯಿತು ಅಂತ ಯಾರೂ ನೋಡುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮಿಕ್ಸೊಮಟೋಸಿಸ್ ಅನ್ನುವ ವೈರಸ್ ರೋಗ. 1952ರಲ್ಲಿ ಫ್ರಾನ್ಸಿನ ವೈದ್ಯನೊಬ್ಬ ತನ್ನ ಎಸ್ಟೇಟಿನ ಮೊಲಗಳ ಕಾಟಕ್ಕೆ ಅದನ್ನು ಬಿಟ್ಟ. ಮರುವರ್ಷ ಇಂಗ್ಲೆಂಡಿಗೆ ದಾಟಿತು. ಒಂದೆರಡು ವರ್ಷದಲ್ಲಿ ಅಲ್ಲಿನ ನೂರಕ್ಕೆ ತೊಂಬತ್ತೈದಕ್ಕೂ ಜಾಸ್ತಿ ಮೊಲ ಸತ್ತವು. ಕಣ್ಣು, ಮುಖ ಊದಿಕೊಂಡು, ಕುರುಡಾಗಿ, ರಸ್ತೆ ಮಧ್ಯೆ ಕೂತು, ಒಂದು ವಾರ ಹತ್ತು ದಿನ ನರಳಿ ಸಾಯುತ್ತವೆ. ಆ ನೋಟ ಕಂಡ ಎಷ್ಟೋ ಜನ ಮೊಲದ ಮಾಂಸವನ್ನೇ ಬಿಟ್ಟರು. ಇಂದಿಗೂ ಈ ರೋಗ ಬಂದ ಮೊಲ ಕಂಡರೆ ಒಳ್ಳೆಯ ಬೇಟೆಗಾರ ಮೊದಲು ಅದಕ್ಕೆ ಬಿಡುಗಡೆ ಕೊಡುತ್ತಾನೆ.

ಹೀಗೆ ಪಕ್ಕಪಕ್ಕ ಇಟ್ಟು ನೋಡಿದರೆ, ಚಳಿಗಾಲದಲ್ಲಿ, ಬಲೆ ಹಾಕಿ, ಪಳಗಿದ ಕೈಯವರು, ಹಿಡಿದದ್ದನ್ನು ತಿನ್ನುವವರು ಮಾಡುವ ಬೇಟೆಯನ್ನು ನಾನು ಒಪ್ಪುತ್ತೇನೆ. ನಾಯಿಗಳ ಮೇಲೆ ಪಂದ್ಯ ಕಟ್ಟಿ ಹೊಲದ ಮೊಲವನ್ನು ಅಟ್ಟಿಸುವುದನ್ನು ಒಪ್ಪುವುದಿಲ್ಲ. ಅಲ್ಲಿ ಮೊಲದ ಓಟವೇ ಆಟ, ಅದು ಎಷ್ಟು ಹೊತ್ತು ಬಳಲಿದರೆ ಅಷ್ಟು ಮಜಾ. ಇಂಗ್ಲೆಂಡಿನಲ್ಲೂ ಅದು ಅಪರಾಧ, 2022ರಲ್ಲಿ ಶಿಕ್ಷೆಯನ್ನು ಇನ್ನೂ ಬಿಗಿ ಮಾಡಿದ್ದಾರೆ. ಸಾಯುವ ಮೊಲದ ವಿಡಿಯೊ ಮಾಡಿ ಹಂಚುವವರನ್ನು ಕಂಡರೂ ನನಗೆ ಆಗುವುದಿಲ್ಲ.

ಬಿಲದ ಮೊಲದ ಕಾಲವೂ ಈಗ ಮೊದಲಿನಂತಿಲ್ಲ. ಹೊಸ ಹೊಸ ರೋಗಗಳಿಂದ ಬ್ರಿಟನ್‌ನಲ್ಲಿ ಅದರ ಸಂಖ್ಯೆ ಬಹಳ ಇಳಿದಿದೆ. ತವರಾದ ಸ್ಪೇನ್, ಪೋರ್ಚುಗಲ್‌ನಲ್ಲಿ ಅಳಿವಿನ ಅಂಚಿನ ಪಟ್ಟಿಗೇ ಸೇರಿದೆ, ಅದನ್ನೇ ತಿಂದು ಬದುಕುವ ಐಬೀರಿಯನ್ ಲಿಂಕ್ಸ್ ಬೆಕ್ಕಿಗೂ ಅದರಿಂದ ಕಷ್ಟ. ನಿಮ್ಮ ನಾರ್ಫೋಕ್‌ನ ಬ್ರೆಕ್‌ಲ್ಯಾಂಡ್ ಬಯಲಲ್ಲಿ ಮೊಲ ಮೇಯ್ದು ಹುಲ್ಲು ಗಿಡ್ಡ ಇಟ್ಟರೆ ಮಾತ್ರ ಬದುಕುವ ಅಪರೂಪದ ಗಿಡಗಳಿವೆ. ಅವಕ್ಕಾಗಿ ಮೊಲವನ್ನು ಮತ್ತೆ ಬೆಳೆಸುವ ಪ್ರಯತ್ನ ನಡೆದಿದೆ. ವಿವೇಕ ಇರುವ ಫೆರೆಟ್‌ಗಾರರು ಮೊಲ ಕಡಿಮೆ ಇರುವ ಕಡೆ ಬಲೆ ಬಿಚ್ಚುವುದೇ ಇಲ್ಲ. ಇದಕ್ಕೆ ತಿರುಗಾಮುರುಗಾ ಕಥೆ ನ್ಯೂಜಿಲೆಂಡಿನದು. ಅಲ್ಲಿ ಮೊಲ ಜಾಸ್ತಿಯಾಯಿತು ಅಂತ 1880ರ ದಶಕದಿಂದ ಫೆರೆಟ್‌ಗಳನ್ನು ಕಾಡಿಗೇ ಬಿಟ್ಟರು. ಅವು ಕೀವಿ ಅನ್ನುವಂಥ ಹಾರಲಾರದ ಹಕ್ಕಿಗಳನ್ನು ತಿಂದವು. 2002ರಿಂದ ಅಲ್ಲಿ ಫೆರೆಟ್ ಮಾರುವ, ಮರಿ ಮಾಡಿಸುವ ಹಾಗಿಲ್ಲ.

ನಮ್ಮ ಕಡೆಯ ಮಾತು ಒಂದೆರಡು. ನಾಯಿ ಮೊಲದ ಹಿಂದೆ ಓಡುವುದನ್ನು ನೋಡುವ ಸುಖ ನಮಗೂ ಹೊಸದಲ್ಲ. ಮುಧೋಳ ನಾಯಿಯ ಉದ್ದ ಕಾಲು, ಸಣ್ಣ ನಡು, ಚೂಪು ಕಣ್ಣು ಬಂದದ್ದು ಬಯಲು ಸೀಮೆಯ ಇಂಥ ಓಟಕ್ಕಾಗಿಯೇ. ಹಕ್ಕ ಬುಕ್ಕರ ಬೇಟೆ ನಾಯಿಗಳನ್ನು ಮೊಲವೇ ತಿರುಗಿಬಿದ್ದು ಅಟ್ಟಿಸಿದ ಜಾಗದಲ್ಲಿ ವಿಜಯನಗರ ಎದ್ದಿತು ಅನ್ನುವ ಕಥೆಯನ್ನು ನೀವೇ ಎಷ್ಟು ಮಕ್ಕಳಿಗೆ ಹೇಳಿದ್ದೀರೋ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಮೊಲದ ಬೇಟೆ ಅಪರಾಧ. ಅದು ಹಾಗೆಯೇ ಇರಬೇಕು ಅನ್ನುವುದು ನನ್ನ ನಿಲುವು. ನಮ್ಮ ಹೊಲದ ಮೊಲ ಆ ಬಿಲದ ಮೊಲದಷ್ಟು ಹೆಚ್ಚುವ ಪ್ರಾಣಿ ಅಲ್ಲ. ನಾರ್ಫೋಕ್‌ನಲ್ಲಿ ನೋಡಿ ಬಂದದ್ದನ್ನು ಊರಿನ ಹುಡುಗರಿಗೆ ಹೇಳುವಾಗ ಈ ವ್ಯತ್ಯಾಸವನ್ನೂ ಹೇಳಿ.

ಇನ್ನು ಹೋಗಬೇಕಾ ಬೇಡವಾ. ಸಾವು ನೋಡಲು ಆಗುವುದೇ ಇಲ್ಲ ಅನ್ನುವುದಾದರೆ ಹೋಗಬೇಡಿ, ಅವರಿಗೆ ಹಾಗೆಯೇ ಹೇಳಿ. ಬೇಸರ ಮಾಡಿಕೊಳ್ಳುವವರಲ್ಲ. ಹೋಗುವುದಾದರೆ ಮುಂಚಿನ ದಿನವೇ ಎರಡು ಪ್ರಶ್ನೆ ಕೇಳಿ: ಹೊಲದವರ ಒಪ್ಪಿಗೆ ಇದೆಯಾ, ಸಿಕ್ಕ ಮೊಲ ಏನು ಮಾಡುತ್ತೀರಿ. ಉತ್ತರ ಕೇಳಿದರೆ ಮನುಷ್ಯನ ಅಳತೆ ಸಿಗುತ್ತದೆ. ದಪ್ಪ ಅಟ್ಟೆಯ ರಬ್ಬರ್ ಬೂಟು, ಎರಡು ಜೊತೆ ಉಲ್ಲನ್ ಕಾಲುಚೀಲ ಹಾಕಿಕೊಳ್ಳಿ, ಒಂದೇ ಕಡೆ ನಿಂತು ಕಾಲು ಮರಗಟ್ಟುತ್ತದೆ. ಬಿಲದ ಬಾಯಿಯ ಎದುರು ನಿಲ್ಲಬೇಡಿ, ಹಿಂದೆ ನಿಲ್ಲಿ. ಮೊಲ ಹೊರಗೆ ಇಣುಕಿದಾಗ ನೀವು ಕಂಡರೆ ಅದು ವಾಪಸ್ ತಿರುಗುತ್ತದೆ. ಮೊಬೈಲ್ ಆಫ್ ಮಾಡಿ. ಫೆರೆಟ್ ಹೊರಗೆ ಬಂದಾಗ ಮೇಲಿಂದ ಬಾಚಿ ಹಿಡಿಯಲು ಹೋಗಬೇಡಿ, ಗಾಬರಿಯಾದರೆ ಬೆರಳು ಕಚ್ಚುತ್ತದೆ, ಬೇಗ ಬಿಡುವುದಿಲ್ಲ.

ಆ ವಾರ ನಿಮಗೆ ನೆಗಡಿ, ಜ್ವರ ಇದ್ದರೆ ಮಾತ್ರ ಹೋಗಲೇಬೇಡಿ. ಮನುಷ್ಯರ ಫ್ಲೂ ಫೆರೆಟ್‌ಗೆ ಸಲೀಸಾಗಿ ಅಂಟುತ್ತದೆ. 1933ರಲ್ಲಿ ಲಂಡನ್‌ನಲ್ಲಿ ಮನುಷ್ಯರ ಫ್ಲೂ ವೈರಸ್‌ನ್ನು ಮೊದಲ ಸಲ ಬೇರ್ಪಡಿಸಿದ್ದೇ ಫೆರೆಟ್‌ಗಳಿಗೆ ಅದನ್ನು ಅಂಟಿಸಿ ನೋಡಿ. ನಿಮ್ಮ ಒಂದು ಸೀನಿನಿಂದ ಅವರ ಎರಡೂ ಫೆರೆಟ್‌ಗಳು ಹಾಸಿಗೆ ಹಿಡಿಯಬಹುದು. ಗುಣವಾದ ಮೇಲೆ ಮುಂದಿನ ಭಾನುವಾರ ಹೋಗಿ.